ದುಡ್ಡು ಕೊಟ್ಟವರಿಗೇ ಹಳೇ ಬಗ್!

ನಿನ್ನೆ ಪರಿಚಯದ ಹುಡುಗನೊಬ್ಬ ತನ್ನ ಆಂಡ್ರಾಯ್ಡ್ ಆ್ಯಪ್‌ನ ಕೋಡ್ ತೋರಿಸಿದ. ಹಾಲು ಹಾಕುವವರು ಮನೆಮನೆಯ ಲೆಕ್ಕ ಬರೆದಿಡುವ ಆ್ಯಪ್. ಚೆನ್ನಾಗೇ ಮಾಡಿದ್ದಾನೆ. ಆದರೆ ಲ್ಯಾಪ್‌ಟಾಪ್‌ನಲ್ಲಿ ಎರಡು ಫೋಲ್ಡರ್. ಒಂದು 'ಫ್ರೀ', ಒಂದು 'ಪೇಯ್ಡ್'. ಒಳಗೆ ನೋಡಿದರೆ ಎರಡರಲ್ಲೂ ಅದೇ ಕೋಡ್. ಕಾಪಿ, ಪೇಸ್ಟ್, ಕೆಲಸ ಮುಗೀತು.

ತಿಂಗಳ ಮೊತ್ತ ಕೂಡಿಸುವಾಗ 31ನೇ ತಾರೀಖಿನ ಹಾಲು ಬಿಟ್ಟು ಹೋಗುವ ಬಗ್ ಇತ್ತಂತೆ. ಫ್ರೀ ಬಳಸುವವರೇ ಜಾಸ್ತಿ, ಬೈಯುವವರೂ ಅವರೇ. ಹಾಗಾಗಿ ಫ್ರೀಯಲ್ಲಿ ಸರಿ ಮಾಡಿದ್ದಾನೆ. ಪೇಯ್ಡ್‌ನಲ್ಲಿ? ದಿನ ದಿನದ ಲೆಕ್ಕ ಕೂಡಿಸುವ ಲೂಪ್ ಇನ್ನೂ 30ಕ್ಕೇ ನಿಂತಿದೆ! ಅಂದರೆ ದುಡ್ಡು ಕೊಟ್ಟು ತಗೊಂಡವನಿಗೆ ಒಂದು ದಿನದ ಹಾಲಿನ ದುಡ್ಡೂ ಖೋತಾ.

"ಅಣ್ಣಾ, ಅದನ್ನೂ ಮಾಡ್ಬೇಕು, ಟೈಮೇ ಸಿಗ್ತಿಲ್ಲ" ಅಂದ. ಎರಡೆರಡು ಸಲ ಅದೇ ಕೆಲಸ ಮಾಡುತ್ತಾ ಕೂತರೆ ಟೈಮ್ ಎಲ್ಲಿಂದ ಸಿಗಬೇಕಪ್ಪಾ?

ಮೊದಲು ಆ್ಯಪ್ ಬರೆಯಲು ಬಳಸುತ್ತಿದ್ದ ಎಕ್ಲಿಪ್ಸ್ ಸಾಫ್ಟ್‌ವೇರ್‌ನಲ್ಲಿ ನಾವು ಪಟ್ಟ ಪಾಡು ಹಳೇ ಸ್ನೇಹಿತರಿಗೆ ಗೊತ್ತು. ಆಗ ಎರಡು ಆ್ಯಪ್‌ಗೆ ಒಂದೇ ಕೋಡ್ ಹಂಚಲು ಲೈಬ್ರರಿ ಪ್ರಾಜೆಕ್ಟ್ ಅಂತ ಸರ್ಕಸ್ ಮಾಡಬೇಕಿತ್ತು. 2013ರಲ್ಲಿ ಗೂಗಲ್ ಅದರ ಬದಲಿಗೆ ಆಂಡ್ರಾಯ್ಡ್ ಸ್ಟುಡಿಯೋ ತೋರಿಸಿತು, ಜೊತೆಗೆ ಕೋಡನ್ನು ಆ್ಯಪ್ ಆಗಿ ಕಟ್ಟಿಕೊಡುವ ಗ್ರೇಡಲ್ ಬಂತು, ಒಂದೇ ಕೋಡ್‌ನಿಂದ ಬೇರೆ ಬೇರೆ ಆವೃತ್ತಿ ತೆಗೆಯುವ ಪ್ರಾಡಕ್ಟ್ ಫ್ಲೇವರ್ ಬಂತು. ಇಷ್ಟು ವರ್ಷ ಆದಮೇಲೂ ಫೋಲ್ಡರ್ ಕಾಪಿ ಮಾಡ್ತಾರೆ ಅಂದರೆ ಸಿಟ್ಟು ಬರಲ್ವಾ?

ಕೆಲಸ ಇಷ್ಟೇ. ಗ್ರೇಡಲ್‌ಗೆ ಸೂಚನೆ ಬರೆಯುವ ಬಿಲ್ಡ್ ಫೈಲ್‌ನಲ್ಲಿ ಒಂದು ಡೈಮೆನ್ಷನ್ (ಫ್ಲೇವರ್‌ಗಳ ಗುಂಪು), ಅದರಲ್ಲಿ ಫ್ರೀ, ಪೇಯ್ಡ್ ಅಂತ ಎರಡು ಫ್ಲೇವರ್. ಎರಡಕ್ಕೂ ಬೇರೆ ಬೇರೆ ಅಪ್ಲಿಕೇಶನ್ ಐಡಿ, ಅಂದರೆ ಆ್ಯಪ್ ಗುರುತಿಸುವ ಹೆಸರು, ಕೊಟ್ಟರೆ ಪ್ಲೇ ಸ್ಟೋರ್‌ಗೆ ಅವು ಎರಡು ಆ್ಯಪ್. ಲೆಕ್ಕ ಹಾಕುವ ಕೋಡ್ 'ಮೇನ್' ಫೋಲ್ಡರ್‌ನಲ್ಲಿ ಒಂದೇ ಒಂದು ಕಡೆ. 31ನೇ ತಾರೀಖನ್ನು ಅಲ್ಲಿ ಸರಿ ಮಾಡಿದರೆ ಎರಡಕ್ಕೂ ಸರಿಯಾಯಿತು. ಐಕಾನ್, ಹೆಸರು ಬೇರೆ ಬೇಕಾ? ಅದೇ ಹೆಸರಿನ ಫೈಲನ್ನು 'ಫ್ರೀ' ಫೋಲ್ಡರ್‌ನಲ್ಲಿಡಿ, ಮೇನ್‌ನಲ್ಲಿರುವುದರ ಬದಲು ಅದನ್ನೇ ತಗೊಳ್ಳುತ್ತದೆ.

ಕ್ಲಾಸ್‌ಗಳ, ಅಂದರೆ ಕೋಡ್‌ನ ತುಂಡುಗಳ, ವಿಷಯದಲ್ಲಿ ಮಾತ್ರ ಹುಷಾರು. ಒಂದೇ ಕ್ಲಾಸ್ ಮೇನ್‌ನಲ್ಲೂ ಫ್ರೀಯಲ್ಲೂ ಇದ್ದರೆ 'ಡೂಪ್ಲಿಕೇಟ್' ಅಂತ ಬಿಲ್ಡ್ ಮುರಿದು ಬೀಳುತ್ತದೆ. ಅಂಥದ್ದನ್ನು ಮೇನ್‌ನಿಂದ ತೆಗೆದು ಫ್ರೀಗೊಂದು, ಪೇಯ್ಡ್‌ಗೊಂದು ಬರೆಯಬೇಕು. ಆ ಕೆಂಪು ಅಕ್ಷರ ನೋಡಿಯೇ ಅರ್ಧ ಜನ ವಾಪಸ್ ಕಾಪಿ-ಪೇಸ್ಟ್‌ಗೆ ಓಡೋದು ಅಂತ ನನ್ನ ಗುಮಾನಿ. ಗ್ರೇಡಲ್ ಕಂಡರೆ ನನಗೂ ಪ್ರೀತಿ ಉಕ್ಕಿ ಹರಿಯಲ್ಲ ಬಿಡಿ.

ಈಗ ಕಾಮೆಂಟ್‌ನಲ್ಲಿ ಬುದ್ಧಿವಂತರು ಬರ್ತಾರೆ: "ಎರಡು ಆ್ಯಪ್ ಯಾಕೆ ಸಾರ್? ಒಂದೇ ಆ್ಯಪ್ ಮಾಡಿ, ಆ್ಯಪ್ ಒಳಗೇ ದುಡ್ಡು ಕಟ್ಟುವ ಇನ್-ಆ್ಯಪ್ ಪರ್ಚೇಸ್ ಹಾಕಿ." ಸರಿ, ಅದರಲ್ಲಿ ಒಂದು ಅನುಕೂಲ ಇದೆ. ಹಳೇ ಲೆಕ್ಕ ಅಲ್ಲೇ ಉಳಿಯುತ್ತದೆ. ಎರಡು ಆ್ಯಪ್ ಆದರೆ ಫ್ರೀಯ ಡೇಟಾ ತಾನಾಗಿ ಪೇಯ್ಡ್‌ಗೆ ಹೋಗಲ್ಲ, ಎಕ್ಸ್‌ಪೋರ್ಟ್ ಬಟನ್ ಕೊಡಬೇಕು. ಕೊಡಿ, ಏನೀಗ? ಒಂದೇ ಆ್ಯಪ್ ಮಾಡಿದರೆ ಫ್ರೀ ಬಳಸುವವರಿಗೆ ಜಾಹೀರಾತು ತೋರಿಸುವ ಲೈಬ್ರರಿ (ಸಿದ್ಧ ಕೋಡ್) ದುಡ್ಡು ಕೊಟ್ಟವನ ಫೋನಿನಲ್ಲೂ ಕೂತಿರುತ್ತದೆ. ಅದು ತನ್ನ ಜೊತೆ ಇಂಟರ್ನೆಟ್ ಅನುಮತಿಯನ್ನೂ ಎಳೆದು ತರುತ್ತದೆ. ಫ್ಲೇವರ್‌ನಲ್ಲಾದರೆ ಆ ಲೈಬ್ರರಿಯನ್ನು ಫ್ರೀಗೆ ಮಾತ್ರ ಕಟ್ಟಬಹುದು. ಲೆಕ್ಕವೆಲ್ಲ ಫೋನಿನಲ್ಲೇ ಇರುವ ಇಂಥ ಆ್ಯಪ್‌ನ ಪೇಯ್ಡ್ ಆವೃತ್ತಿಗೆ ಇಂಟರ್ನೆಟ್ ಅನುಮತಿಯೇ ಬೇಡ. ದುಡ್ಡು ಕೊಟ್ಟಿದ್ದಕ್ಕೆ ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು?

ಹೇಳಿಬಿಡ್ತೀನಿ, ನಾನೇ ಆ್ಯಪ್‌ಗೆ ದುಡ್ಡು ಬಿಚ್ಚುವ ಗಿರಾಕಿ ಅಲ್ಲ. ಜಾಹೀರಾತು ಮುಗಿಯೋವರೆಗೂ ಫೋನ್ ಬೋರಲು ಹಾಕಿ ಕಾಯುವ ಪೈಕಿ. ಅದಕ್ಕೇ ಬಿಚ್ಚಿದವರ ಬಗ್ಗೆ ನನಗೆ ಗೌರವ ಜಾಸ್ತಿ. ಅಂಥವರಿಗೇ ಹಳಸಿದ್ದು ಬಡಿಸೋದು ಅನ್ಯಾಯ.

ಹುಡುಗ ಈ ವಾರ ಎರಡನ್ನೂ ಒಂದು ಪ್ರಾಜೆಕ್ಟ್‌ಗೆ ತರ್ತೀನಿ ಅಂದಿದ್ದಾನೆ. ಇದೇ ಕೆಲಸ ಮಾಡಹೊರಟ ಬೇರೆಯವರಿಗೂ ಹೇಳ್ತೀನಿ: ಈಗಾಗಲೇ ಸ್ಟೋರ್‌ನಲ್ಲಿರುವ ಎರಡು ಐಡಿಗಳನ್ನು ಅಕ್ಷರವೂ ಬದಲಿಸದೆ ಹಾಗೇ ಇಟ್ಟುಕೊಳ್ಳಿ. 'ನೀಟಾಗಿ ಕಾಣಲಿ' ಅಂತ ತಿದ್ದಿದರೆ ಪ್ಲೇ ಸ್ಟೋರ್ ಪಾಲಿಗೆ ಅದು ಹೊಸ ಆ್ಯಪ್. ದುಡ್ಡು ಕೊಟ್ಟವರಿಗೆ ಅಪ್‌ಡೇಟ್ ಹೋಗೋದೇ ಇಲ್ಲ.