ಅಡ್ಡಿ ಮಾಡಿದೆಯಾ? ಅಡ್ಡಿಯಿಲ್ಲ!

ನಮ್ಮ ಪತ್ರಿಕೆಗಳಿಗೆ ಪ್ರಿಯವಾದ ಒಂದು ತಲೆಬರಹ ಇದೆ. 'ಕರ್ತವ್ಯಕ್ಕೆ ಅಡ್ಡಿ: ಇಬ್ಬರ ವಿರುದ್ಧ ಪ್ರಕರಣ.' ಕರ್ತವ್ಯ ಯಾವುದಿತ್ತು, ಅಡ್ಡಿ ಏನಾಯಿತು ಎಂದು ಸುದ್ದಿಯೊಳಗೆ ಹುಡುಕಿದರೆ ಎರಡೂ ಸಿಗುವುದಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ 353ನೇ ಸೆಕ್ಷನ್ ಹೋಗಿ ಹೊಸ ನ್ಯಾಯ ಸಂಹಿತೆಯ 132 ಬಂತು. ನಂಬರ್ ಬದಲಾಯಿತು, ತಲೆಬರಹ ಹಾಗೇ ಉಳಿಯಿತು. ಕೇಸೂ ಹಾಗೇ ಉಳಿಯುತ್ತದೆ, ಆರೋಪಿಗೆ ಮೊಮ್ಮಕ್ಕಳಾಗುವವರೆಗೆ.

ಅಮೆರಿಕದಲ್ಲಿ ಇದೆಲ್ಲ ಬೇರೆ ಥರ ಎಂದು ನಾನು ನಂಬಿದ್ದೆ. ಬೇರೆ ಥರವೇ. ಅಲ್ಲಿ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಫ್ಲೋರಿಡಾವನ್ನೇ ನೋಡಿ. 67 ಕೌಂಟಿಗಳು, ಕೌಂಟಿಗೊಂದು ಕೋರ್ಟು. ನಮ್ಮ ತಾಲ್ಲೂಕು ಕೋರ್ಟಿನ ದೂರದ ನೆಂಟ ಅನ್ನಬಹುದು. ಒಳಗೆ ಎ.ಸಿ. ಇದೆ, ಹೊರಗೆ ಟೈಪಿಸ್ಟೂ ಇಲ್ಲ, ಬೋಂಡಾ ಅಂಗಡಿಯೂ ಇಲ್ಲ. ನ್ಯಾಯಾಧೀಶರು ಓಟು ಪಡೆದು ಆರು ವರ್ಷಕ್ಕೆ ಆರಿಸಿ ಬರುತ್ತಾರೆ. ಅಲ್ಲಿನ ಕಾನೂನಿನಲ್ಲಿ 843.02 ಅಂತ ಒಂದು ಸೆಕ್ಷನ್. ಕರ್ತವ್ಯದಲ್ಲಿರುವ ಅಧಿಕಾರಿಗೆ ಹೊಡೆಯದೆ ಬಡಿಯದೆ ಸುಮ್ನೆ ತಡೆದರೆ, ಅಡ್ಡಿ ಮಾಡಿದರೆ, ವಿರೋಧಿಸಿದರೆ ಅಪರಾಧ. ಹೆಚ್ಚೆಂದರೆ ಒಂದು ವರ್ಷ ಜೈಲು, 1,000 ಡಾಲರ್ ದಂಡ. ಹೊಡೆದವರಿಗೆ ಬೇರೆ ಸೆಕ್ಷನ್ ಇದೆ. ಇದು ಹೊಡೆಯದವರಿಗೆಂದೇ ಹೊಲಿಸಿದ ಅಂಗಿ. ಅಳತೆ ತೆಗೆದುಕೊಂಡಿಲ್ಲವಾದ್ದರಿಂದ ಯಾರಿಗಾದರೂ ಆಗುತ್ತದೆ.

ತುಮಕೂರಿನ ಸುಬ್ಬಣ್ಣ ಅಂತ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲಿದ್ದಾನೆ ಎಂದುಕೊಳ್ಳಿ. ಪಕ್ಕದ ಮನೆ ಮುಂದೆ ಪೊಲೀಸ್ ಕಾರು ನಿಂತಿದೆ. ನಾಲ್ಕು ಜನ ಸೇರಿದ ಕಡೆ ಐದನೆಯವನಾಗಿ ನಿಂತು 'ಏನಾಯ್ತಂತೆ?' ಎಂದು ಕೇಳುವುದು ನಮ್ಮವರ ಆಜನ್ಮ ಹಕ್ಕು. ಸುಬ್ಬಣ್ಣ ಕೇಳಿದ. 'ಹಿಂದೆ ಸರಿಯಿರಿ' ಅಂದರು. 'ಯಾಕೆ?' ಅಂದ. ಅಲ್ಲಿಗೆ ಕೈಗೆ ಬೇಡಿ ಬಿತ್ತು. ಒಂದು ಹೆಜ್ಜೆ ಹಿಂದೆ ಹೋಗಿದ್ದ ಪಾಪ. ಎರಡು ಹೋಗಬೇಕಿತ್ತೇನೋ.

ಈ ಹೆಜ್ಜೆ ಲೆಕ್ಕದ ಗೊಂದಲ ಬೇಡವೆಂದೇ ಫ್ಲೋರಿಡಾ ಇನ್ನೊಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಎಚ್ಚರಿಕೆ ಕೊಟ್ಟ ಮೇಲೂ ಪೊಲೀಸರ 25 ಅಡಿ ಒಳಗೆ, ಅಡ್ಡಿ ಮಾಡುವ ಅಥವಾ ಕಿರುಕುಳ ಕೊಡುವ ಉದ್ದೇಶದಿಂದ ನಿಂತರೆ ಅದೇ ಒಂದು ಅಪರಾಧ. ಒಳ್ಳೆಯದೇ. ಆದರೆ 25 ಅಡಿ ಆಗಿದೆಯೋ ಇಲ್ಲವೋ ಎಂದು ನೋಡಲು ಟೇಪಿನ ಒಂದು ತುದಿ ಪೊಲೀಸರ ಹತ್ತಿರವೇ ಹಿಡಿಯಬೇಕು. ಹಿಡಿಯಲು ಹೋದವನು 25 ಅಡಿ ಒಳಗೆ ಬಂದ ಹಾಗಾಯಿತು. ಉದ್ದೇಶ ಅಳೆಯುವ ಟೇಪು ಇನ್ನೂ ಅಂಗಡಿಗೆ ಬಂದಿಲ್ಲ.

ಹಾಗಂತ ಕಾನೂನು ಪುಸ್ತಕ ಸುಬ್ಬಣ್ಣನ ಕೈ ಬಿಟ್ಟಿಲ್ಲ. 1987ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹ್ಯೂಸ್ಟನ್ ನಗರದ ಒಂದು ಕಾಯ್ದೆಯನ್ನು ಹೊಡೆದುಹಾಕಿತು. ಪೊಲೀಸರ ಮಾತಿನ ಮಧ್ಯೆ ಬಾಯಿ ಹಾಕಿದರೂ ಅಪರಾಧ ಎನ್ನುತ್ತಿದ್ದ ಕಾಯ್ದೆ ಅದು. ರೇಮಂಡ್ ಹಿಲ್ ಎಂಬಾತ, ನಿಮ್ಮ ಸಮಾನರ ಮೇಲೆ ಕೈ ಮಾಡಿ ನೋಡೋಣ ಎಂಬರ್ಥದಲ್ಲಿ ಪೊಲೀಸರತ್ತ ಕೂಗಿದ್ದ. ಕೂಗುವುದು ಪ್ರಜೆಯ ಹಕ್ಕು ಅಂದಿತು ಕೋರ್ಟು. ಬರೀ ಬಾಯಿಮಾತು ಸಾಮಾನ್ಯವಾಗಿ ಅಡ್ಡಿ ಆಗುವುದಿಲ್ಲ ಎಂದು ಫ್ಲೋರಿಡಾದ ಮೇಲ್ಮನವಿ ಕೋರ್ಟುಗಳೂ ಹೇಳಿವೆ. ಆದರೆ ಆ ತೀರ್ಪುಗಳಿರುವುದು ಮೇಲಿನ ಕೋರ್ಟಿನಲ್ಲಿ. ಸುಬ್ಬಣ್ಣ ನಿಂತಿರುವುದು ಕೆಳಗಿನ ಕೋರ್ಟಿನಲ್ಲಿ. ಅಲ್ಲಿ ಪುಸ್ತಕ ತೆರೆಯುವಷ್ಟರಲ್ಲಿ ಮುಂದಿನವನ ಹೆಸರು ಕೂಗಿರುತ್ತಾರೆ.

ಉತ್ಪ್ರೇಕ್ಷೆ ಅಲ್ಲ. ಅಮೆರಿಕದ ಕ್ರಿಮಿನಲ್ ಡಿಫೆನ್ಸ್ ವಕೀಲರ ರಾಷ್ಟ್ರೀಯ ಸಂಘ ಫ್ಲೋರಿಡಾದ ಸಣ್ಣ ಅಪರಾಧಗಳ ಕೋರ್ಟುಗಳಿಗೆ ಜನರನ್ನು ಕಳಿಸಿ ಗಡಿಯಾರ ನೋಡಿಸಿತು. 2011ರಲ್ಲಿ ವರದಿ ಕೊಟ್ಟಿತು. ಆರೋಪ ಓದಿಹೇಳುವ ಮೊದಲ ದಿನದ ಕಲಾಪ ನೂರರಲ್ಲಿ 82 ಕೇಸುಗಳಲ್ಲಿ ಮೂರು ನಿಮಿಷವೋ ಅದಕ್ಕಿಂತ ಕಡಿಮೆಯೋ. ನಮ್ಮ ದರ್ಶಿನಿಯಲ್ಲಿ ಮಸಾಲೆ ದೋಸೆಗೆ ಟೋಕನ್ ಕೊಟ್ಟು ಕಾಯುವುದು ಇದಕ್ಕಿಂತ ಜಾಸ್ತಿ. ಮೂವರಲ್ಲಿ ಇಬ್ಬರ ಬಳಿ ವಕೀಲರಿರಲಿಲ್ಲ. ನೂರಕ್ಕೆ ಸುಮಾರು 70 ಜನ ಅಲ್ಲೇ, ಆವತ್ತೇ, 'ಗಿಲ್ಟಿ' ಅಥವಾ 'ನೋ ಕಾಂಟೆಸ್ಟ್' ಅಂದು ಕೈ ತೊಳೆದುಕೊಂಡರು.

ಈ 'ನೋ ಕಾಂಟೆಸ್ಟ್' ಇದೆಯಲ್ಲ, ಇದನ್ನು ಕನ್ನಡಕ್ಕೆ ತರಲು ನಾನು ಎರಡು ದಿನ ತಲೆ ಕೆರೆದುಕೊಂಡೆ. ತಪ್ಪು ಮಾಡಿದೆ ಎಂದು ಒಪ್ಪುವುದೂ ಅಲ್ಲ, ಮಾಡಿಲ್ಲ ಎಂದು ವಾದಿಸುವುದೂ ಅಲ್ಲ. ಕೊನೆಗೆ ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ ಉತ್ತರ ಸಿಕ್ಕಿತು. ಉಪ್ಪಿಟ್ಟು ಹೇಗಿದೆ ಎಂದು ಅವರ ಮನೆಯವರು ಕೇಳಿದರು. 'ಅಡ್ಡಿಯಿಲ್ಲ' ಅಂದರು ಗೆಳೆಯರು. ಚೆನ್ನಾಗಿದೆ ಅಂತಲೂ ಅಲ್ಲ, ಚೆನ್ನಾಗಿಲ್ಲ ಅಂತಲೂ ಅಲ್ಲ, ಜಗಳವಂತೂ ಬೇಡ. ಇದೇ ನೋಡಿ! ಅಡ್ಡಿ ಮಾಡಿದೆಯಾ ಎಂದು ಕೋರ್ಟು ಕೇಳುತ್ತದೆ. ಅಡ್ಡಿಯಿಲ್ಲ ಎಂದು ಸುಬ್ಬಣ್ಣ ಹೇಳುತ್ತಾನೆ. ಕೇಸು ಮುಗಿಯಿತು.

ಹೀಗೆ ಅಂದವನಿಗೆ ಹಲವು ಸಲ ಒಂದು ಬಹುಮಾನವೂ ಸಿಗುತ್ತದೆ. ತೀರ್ಪನ್ನು ತಡೆಹಿಡಿಯುವುದು. ನ್ಯಾಯಾಧೀಶರು ಅವನನ್ನು ಅಪರಾಧಿ ಎಂದು ಘೋಷಿಸುವುದಿಲ್ಲ. ನಿರಪರಾಧಿ ಎಂದೂ ಹೇಳುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲಿನ ಬಾಡಿಗೆಯನ್ನು ಮಾತ್ರ ಹಾವೇ ಕೊಡಬೇಕು.

ಬಾಡಿಗೆಯ ವಿವರ ಸ್ವಲ್ಪ ಹೇಳಬೇಕು. ಸುಬ್ಬಣ್ಣನಿಗೆ ಸಂಬಳವಿದೆ, ಮನಸ್ಸು ಮಾಡಿದ್ದರೆ ವಕೀಲರನ್ನು ಇಟ್ಟುಕೊಳ್ಳಬಹುದಿತ್ತು. ಸಣ್ಣ ಕೇಸು ಅಲ್ವಾ ಎಂದು ಬಿಟ್ಟ. ಅವನ ಪಕ್ಕದ ಬೆಂಚಿನಲ್ಲಿದ್ದವನಿಗೆ ಆ ಆಯ್ಕೆ ಇಲ್ಲ. ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂಬ 1963ರ ಪ್ರಸಿದ್ಧ ತೀರ್ಪು ಬಂದದ್ದು ಇದೇ ಫ್ಲೋರಿಡಾದ ಕೇಸಿನಿಂದ. ಕ್ಲಾರೆನ್ಸ್ ಗಿಡಿಯನ್ ಎಂಬ ಕೈದಿ ಜೈಲಿನಲ್ಲಿ ಕೂತು ಪೆನ್ಸಿಲಿನಲ್ಲಿ ಅರ್ಜಿ ಬರೆದು ಗೆದ್ದ. ಈಗ ಅದೇ ರಾಜ್ಯದಲ್ಲಿ 'ನಾನು ಬಡವ, ವಕೀಲರನ್ನು ಕೊಡಿ' ಎಂಬ ಅರ್ಜಿಗೆ ಶುಲ್ಕ 50 ಡಾಲರ್. ಆಗ ಕಟ್ಟದಿದ್ದರೆ ಕೊನೆಯ ಲೆಕ್ಕಕ್ಕೆ ಸೇರುತ್ತದೆ. ತಪ್ಪಿತಸ್ಥನಾದರೆ ನಿನ್ನ ಪರ ವಾದಿಸಿದ ಸರ್ಕಾರಿ ವಕೀಲರ ಖರ್ಚು ಕನಿಷ್ಠ 50. ನಿನ್ನ ವಿರುದ್ಧ ವಾದಿಸಿದ ಸರ್ಕಾರಿ ವಕೀಲರ ಖರ್ಚೂ ಕನಿಷ್ಠ 50. ಎರಡೂ ಕಡೆಯವರಿಗೆ ಸಮಾನವಾಗಿ ಕೊಡುವವನು ಇಡೀ ಕೋರ್ಟಿನಲ್ಲಿ ಆರೋಪಿ ಒಬ್ಬನೇ. ನಿಷ್ಪಕ್ಷಪಾತ ಅಂದರೆ ಇದು. ಪ್ರೊಬೇಷನ್ ಆದರೆ ನಿನ್ನ ಮೇಲೆ ಕಣ್ಣಿಡುವವರಿಗೂ ತಿಂಗಳು ತಿಂಗಳು ನೀನೇ ಕೊಡಬೇಕು.

ಇನ್ನೊಂದು ದಾರಿ ಡೈವರ್ಶನ್. ಒಂದು ಕರಾರಿಗೆ ಸಹಿ ಹಾಕಿ, ಸಮಾಜಸೇವೆ ಮಾಡಿ, ಕೋಪ ತಡೆಯುವ ಕ್ಲಾಸಿಗೋ ಮತ್ತೊಂದಕ್ಕೋ ಹೋಗಿ ಬಂದರೆ ಆರೋಪ ಕೈಬಿಡುತ್ತಾರೆ. ಕ್ಲಾಸು ಯಾವಾಗಲೂ ಕೋಳ ತೊಟ್ಟವನಿಗೇ, ತೊಡಿಸಿದವರಿಗಲ್ಲ.

ವಿಚಾರಣೆ ನಡೆಯಲಿ ಎಂದು ಹಟ ಹಿಡಿಯುವವರೂ ಇರುತ್ತಾರೆ. ಆರು ಜನರ ಜ್ಯೂರಿ ಕೂರುತ್ತದೆ. ಕೆಲವರು ಗೆಲ್ಲುವುದೂ ಉಂಟು. ಆದರೆ ಅಮೆರಿಕದ ರಾಜ್ಯಗಳಲ್ಲಿ ಶಿಕ್ಷೆಯಾಗುವ ಕೇಸುಗಳಲ್ಲಿ ನೂರಕ್ಕೆ 94 ತಪ್ಪೊಪ್ಪಿಗೆಯಿಂದಲೇ ಆಗುತ್ತವೆ ಎಂದು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಬರೆದಿದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವುದು ನಮ್ಮ ಕಡೆಯ ಮಾತು. ಅಲ್ಲಿ ಗೆಲ್ಲುವ ಸೋಲುವ ತಾಪತ್ರಯವೇ ಇಲ್ಲ. ಬಿಲ್ಲು ಕಟ್ಟಿ ಹೊರಡುವುದಷ್ಟೇ. ಅಂದಹಾಗೆ, ಸುಬ್ಬಣ್ಣ ಆವತ್ತು ನಿಜಕ್ಕೂ ಅಡ್ಡಿ ಮಾಡಿದನಾ? ಯಾರೂ ಕೇಳಲಿಲ್ಲ. ಅದು ವಿಷಯವೇ ಆಗಿರಲಿಲ್ಲ.

ಅವನೂ ನಿರಾಳವಾಗಿದ್ದ. ಫ್ಲೋರಿಡಾದ ಪ್ರಕಾರ ಅವನು ಅಪರಾಧಿ ಅಲ್ಲವಲ್ಲ. ಆದರೆ ಅವನ ವೀಸಾ ಇರುವುದು ಕೇಂದ್ರ ಸರ್ಕಾರದ ಕೈಯಲ್ಲಿ. ಅಮೆರಿಕದ ವಲಸೆ ಕಾನೂನಿನ ಲೆಕ್ಕ ಬೇರೆ. ಗಿಲ್ಟಿ ಅಥವಾ ನೋ ಕಾಂಟೆಸ್ಟ್ ಅಂದು, ಜೊತೆಗೆ ಏನಾದರೂ ಒಂದು ಶಿಕ್ಷೆ ಆಗಿದ್ದರೆ, ತೀರ್ಪು ತಡೆಹಿಡಿದಿದ್ದರೂ ಅಪರಾಧಿಯೇ. ಶಿಕ್ಷೆ ಎಲ್ಲಾಯಿತು, ಬರೀ ಕೋರ್ಟು ಖರ್ಚು ಕಟ್ಟಿದ್ದಲ್ವಾ? ಅದೂ ಶಿಕ್ಷೆಯೇ ಎಂದು 2008ರಲ್ಲಿ ವಲಸೆ ಮೇಲ್ಮನವಿ ಮಂಡಳಿ ಹೇಳಿದೆ. ಅದೂ ಫ್ಲೋರಿಡಾದ್ದೇ ಒಂದು ಕೇಸಿನಲ್ಲಿ. ಇಂಥ ಪ್ರತಿ ಕೇಸಿಗೂ ಯಾರನ್ನೂ ದೇಶ ಬಿಡಿಸುವುದಿಲ್ಲ, ನಿಜ. ಹೀಗೊಂದು ಅಪಾಯವಿದೆ ಎಂದು ನ್ಯಾಯಾಧೀಶರೂ ಒಂದು ಸಾಲು ಓದಿರುತ್ತಾರೆ. ಮೂರು ನಿಮಿಷದ ಗಡಿಬಿಡಿಯಲ್ಲಿ ಅದು ಮೆಜೆಸ್ಟಿಕ್ ಬಸ್ ನಿಲ್ದಾಣದ ಮೈಕಿನ ಹಾಗೆ. ಕೇಳಿಸುತ್ತದೆ, ತಿಳಿಯುವುದಿಲ್ಲ.

ಈಗ ಸುಬ್ಬಣ್ಣ ಊರಿಗೆ ಬಂದಿದ್ದಾನೆ. ತಂಗಿಯ ಮದುವೆ ಮುಗಿಸಿ, ವೀಸಾ ಸ್ಟಾಂಪಿಂಗಿಗೆ ಚೆನ್ನೈಗೆ ಹೋಗುವ ಮೊದಲು ಅರ್ಜಿ ತುಂಬಲು ಕೂತಿದ್ದಾನೆ. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಅಪರಾಧಿ ಎಂದು ತೀರ್ಮಾನವಾಗಿದೆಯಾ ಎಂದು ಅರ್ಜಿ ಕೇಳುತ್ತಿದೆ. ಅದರ ಮುಂದೆ ಎರಡೇ ಆಯ್ಕೆ. ಹೌದು. ಇಲ್ಲ. ಅವನು ಅರ್ಧ ಗಂಟೆಯಿಂದ ಮೌಸ್ ಹಿಡಿದುಕೊಂಡು ಮೂರನೆಯದನ್ನು ಹುಡುಕುತ್ತಿದ್ದಾನೆ.