ಗುಂಯ್ ಅಂದರೆ ಅರ್ಥ್ ಪಿನ್ ಕೀಳಬೇಡಿ

ಆಂಪ್ಲಿಫೈಯರ್ ಗುಂಯ್ ಎಂದ ಕೂಡಲೇ ಪ್ಲಗ್ಗಿನ ಅರ್ಥ್ ಪಿನ್ ಕೀಳುವ ಚಾಳಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಒಳಗೆ ಫೇಸ್ ವೈರು ತಗಡಿಗೆ ತಾಗಿದರೆ ಮೈಕ್ ಹಿಡಿದವರ ಜೀವಕ್ಕೇ ಸಂಚಕಾರ! ಮೊದಲು ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಬಿಚ್ಚಿ ಕೇಳಿ. ಸದ್ದು ನಿಂತರೆ ಬಹುಪಾಲು ಅದು ಗ್ರೌಂಡ್ ಲೂಪ್ (ಎರಡು ಕಡೆ ಅರ್ಥ್ ಆಗಿ ಕೇಬಲ್ಲಿನಲ್ಲಿ ಸುತ್ತುವ ಕರೆಂಟು), ಮೇನ್ಸಿನ 50 ಹರ್ಟ್ಸ್ ಸದ್ದು. ಮಿಕ್ಸರನ್ನೂ ಆಂಪ್ಲಿಫೈಯರನ್ನೂ ಒಂದೇ ಬೋರ್ಡಿಗೆ ಹಾಕಿ; ಹೋಗದಿದ್ದರೆ ನಡುವೆ ಎರಡರ ಗ್ರೌಂಡ್ ಬೇರ್ಪಡಿಸುವ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಕೊಡಿ.

ಬಿಚ್ಚಿದರೂ ಗುಂಯ್‌ಗುಡುತ್ತಿದೆಯೇ? ಅದು ಬಹುಪಾಲು 100 ಹರ್ಟ್ಸ್ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ), ಎಸಿಯನ್ನು ಡಿಸಿ ಮಾಡುವ ಬ್ರಿಜ್ ಆದಮೇಲಿನ ಫಿಲ್ಟರ್ ಕೆಪಾಸಿಟರ್ ಒಣಗಿರುತ್ತದೆ. ಎಷ್ಟೋ ಸಲ ತಲೆ ಉಬ್ಬಿ, ಬುಡದಲ್ಲಿ ಕಂದು ಅಂಟು ಒಸರಿರುತ್ತದೆ. 1 ಆಂಪಿಯರ್ ಲೋಡಿಗೆ 4700 ಮೈಕ್ರೋಫ್ಯಾರಡ್ ಇದ್ದಾಗಲೇ ರಿಪಲ್ ಸುಮಾರು 2 ವೋಲ್ಟ್. ಒಣಗಿ ಅರ್ಧಕ್ಕಿಳಿದರೆ ದುಪ್ಪಟ್ಟು. ಅಷ್ಟೇ ವೋಲ್ಟಿನ, 105 ಡಿಗ್ರಿ ಸೆಲ್ಸಿಯಸ್ ಬಿಸಿ ತಾಳುವ ಹೊಸದು ಹಾಕಿ. ಮುಟ್ಟುವ ಮೊದಲು ಹಳೆಯದನ್ನು ರೆಸಿಸ್ಟರ್ ಇಟ್ಟು ಡಿಸ್‌ಚಾರ್ಜ್ ಮಾಡಿ.