ದುರ್ಗದ ವಕೀಲರು, ಪುಣೆಯ ಲಾ ಕಾಲೇಜು

ಪುಣೆಯಲ್ಲಿ ಒಂದು ಕಾನೂನು ಕಾಲೇಜಿನ ಹೆಸರಲ್ಲಿ ರಸ್ತೆಯೂ ಇದೆ, ಗುಡ್ಡವೂ ಇದೆ. ಲಾ ಕಾಲೇಜ್ ರೋಡ್, ಲಾ ಕಾಲೇಜ್ ಟೇಕಡಿ. ಆಟೋದವರಿಗೆ ಅಷ್ಟು ಹೇಳಿದರೆ ಸಾಕು. ದಾವಣಗೆರೆಯಿಂದ ಬಂದ ನನಗೆ ಇದು ಸೋಜಿಗ. ನಮ್ಮೂರಲ್ಲಿ ಕಾಲೇಜು ಅಂದರೆ ಜನ ಬಿಡಿಟಿ, ಜೆಜೆಎಂ ಅಂತಾರೆ. ಒಂದರಲ್ಲಿ ಇಂಜಿನಿಯರ್, ಇನ್ನೊಂದರಲ್ಲಿ ಡಾಕ್ಟರ್. ಆರ್.ಎಲ್. ಕಾನೂನು ಕಾಲೇಜೂ ಇದೆ. ಆದರೆ ಮನೆಯವರ ಮಾತು ಹೇಗಿರುತ್ತೆ ನೋಡಿ: "ಡಿಗ್ರಿ ಆಯ್ತು, ಸುಮ್ನೆ ಕೂರೋ ಬದಲು ಲಾ ಮಾಡ್ತಿದಾನೆ."

ಪುಣೆಯ ಆ ಕಾಲೇಜೇ ಇಂಡಿಯನ್ ಲಾ ಸೊಸೈಟಿಯ ಐಎಲ್‌ಎಸ್ ಕಾನೂನು ಕಾಲೇಜು, ಶುರುವಾಗಿದ್ದು 1924ರಲ್ಲಿ. ಜೆ.ಆರ್. ಘಾರಪುರೆ ಮೊದಲ ಪ್ರಾಂಶುಪಾಲರು. ಆಗ ಮೈಸೂರು ಸಂಸ್ಥಾನದವರು ಕಾನೂನು ಓದಬೇಕಾದರೆ ಹೊರಗೇ ಹೋಗಬೇಕಿತ್ತು. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಬಂದಿದ್ದೇ 1948ರಲ್ಲಿ. ಹಾಗೆ ಪುಣೆಗೆ ಬಂದು 1926ರಲ್ಲಿ ಲಾ ಮುಗಿಸಿದವರು ನಮ್ಮ ಎಸ್. ನಿಜಲಿಂಗಪ್ಪ. ಅದೇ ವರ್ಷ ಅಲ್ಲೇ ಪಾಸಾದ ಪಿ.ಬಿ. ಗಜೇಂದ್ರಗಡ್ಕರ್ 1964ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಹೆಸರಲ್ಲೇ ನಮ್ಮ ಗಜೇಂದ್ರಗಡ ಇದೆ, ಅಲ್ವಾ? ಏಳು ವರ್ಷಕ್ಕೂ ಜಾಸ್ತಿ ಆ ಕುರ್ಚಿಯಲ್ಲಿ ಕೂತ ವೈ.ವಿ. ಚಂದ್ರಚೂಡ್ ಕೂಡ ಇದೇ ಕಾಲೇಜಿನವರು. ಪುಣೆಯವರು ಈ ಹೆಸರುಗಳನ್ನು ಮರೆಯಲು ಬಿಡುವುದಿಲ್ಲ.

ನಿಜಲಿಂಗಪ್ಪ ಚಿತ್ರದುರ್ಗಕ್ಕೆ ವಾಪಸ್ ಬಂದು ವಕೀಲಿಕೆ ಹಿಡಿದರು. ತುರುವನೂರಿನಲ್ಲಿ ಈಚಲು ಮರ ಕಡಿದು ನಡೆಸಿದ ಸತ್ಯಾಗ್ರಹ, ಮುಖ್ಯಮಂತ್ರಿ ಪದವಿ ಎಲ್ಲ ಆಮೇಲಿನದು. ದುರ್ಗದವರು ಅವರ ರಾಜಕೀಯವನ್ನು ನೆನೆಯುತ್ತಾರೆ, ಕರಿಕೋಟನ್ನು ನೆನೆಯುವುದು ಕಡಿಮೆ.

ಪುಣೆಯಲ್ಲಿ ವಕೀಲ ಅಂದ ತಕ್ಷಣ ಕೇಳೋದು "ಯಾವ ಕಾಲೇಜು?" ದಾವಣಗೆರೆಯಲ್ಲಿ ಕೇಳೋದು "ಯಾರ ಆಫೀಸು?" ನನ್ನ ಕೇಳಿದರೆ ಎರಡನೇ ಪ್ರಶ್ನೆಯೇ ಸರಿ. ದಾವಾ ಬರೆಯೋದು, ಸಾಕ್ಷಿಯನ್ನು ಕನ್ನಡದಲ್ಲೇ ಪಾಟೀಸವಾಲಿಗೆ ಒಳಪಡಿಸೋದು, ಪಹಣಿ ನೋಡಿ ಜಮೀನಿನ ಜಗಳ ಹಿಡಿಯೋದು ಇವೆಲ್ಲ ಸೀನಿಯರ್ ಪಕ್ಕ ಕೂತೇ ಬರಬೇಕು. ಎಷ್ಟು ದೊಡ್ಡ ಕಾಲೇಜಾದರೂ ಅದನ್ನು ಕಲಿಸಿ ಕಳಿಸಿದ್ದು ನಾನು ನೋಡಿಲ್ಲ. ಆದರೆ ಆಫೀಸಿನ ದಾರಿಯೂ ಎಲ್ಲರಿಗೂ ತೆರೆದಿಲ್ಲ. ಜೂನಿಯರ್‌ಗೆ ಕೈಗೆ ಸಿಗೋದು ಬಸ್ ಚಾರ್ಜು, ಟೀ ಖರ್ಚು. ಮಾವನೋ ದೊಡ್ಡಪ್ಪನೋ ವಕೀಲರಾಗಿದ್ದರೆ ಸಲೀಸು. ಜಗಳೂರಿನ ಕಡೆಯಿಂದ ಬಂದ ಮೊದಲ ತಲೆಮಾರಿನ ಹುಡುಗಿಗೆ ಆಫೀಸು ಹುಡುಕೋದೇ ಒಂದು ಕೇಸು. ಅಂಥವರಿಗೆ ಕಾಲೇಜಿನ ಹೆಸರು ಬೇಕೇ ಬೇಕು. ಪುಣೆಯ ಹುಡುಗರಿಗೆ ಆ ಹೆಸರು ಪುಕ್ಕಟೆ ಸಿಕ್ಕಿದೆ.

ಹೆಸರೂ ಶಾಶ್ವತವಲ್ಲ ಬಿಡಿ. ಮಾಧವ ಮೆನನ್ ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಪಾಠ ಶುರು ಮಾಡಿದ ಮೇಲೆ ಜಾಣ ಮಕ್ಕಳ ಕಣ್ಣು ನಾಗರಬಾವಿ ಕಡೆ ತಿರುಗಿತು. ಪುಣೆಯ ಮಕ್ಕಳದ್ದೂ ಅಷ್ಟೇ. ಬೆಂಗಳೂರಿನ ಆ ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು, ಅದೂ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಮಕ್ಕಳಿಗೆ ಬೆಂಗಳೂರಿಗಿಂತ ಆ ಪರೀಕ್ಷೆಯೇ ದೂರ.

ಅದಕ್ಕೇ ಹೇಳ್ತೀನಿ, ಪುಣೆಯ ನಕಲು ನಮಗೆ ಬೇಡ. ಊರಿನ ಹಿರಿಯ ವಕೀಲರು ವಾರಕ್ಕೊಮ್ಮೆ ಆರ್.ಎಲ್. ಕಾಲೇಜಿನಲ್ಲಿ ಕನ್ನಡದಲ್ಲೇ ಪಾಟೀಸವಾಲು ಕಲಿಸಲಿ. ಈಗಾಗಲೇ ನಡೆಯುತ್ತಿದ್ದರೆ ಇನ್ನೂ ಒಳ್ಳೇದು, ಊರಿಗೆ ಗೊತ್ತಾಗಲಿ. ಆಗಲಾದರೂ ಮಗಳು ಲಾ ಮಾಡ್ತೀನಿ ಅಂದಾಗ "ಯಾಕೆ, ಮೆಡಿಕಲ್ ಸೀಟು ಸಿಗಲಿಲ್ವಾ?" ಅನ್ನೋ ಅಪ್ಪಂದಿರು ಸ್ವಲ್ಪ ಕಮ್ಮಿ ಆಗಬಹುದು.